ಹೊಸ ಲಿಂಕ್‌ಗೆ ‘ನಿನ್ನೆ’ ಇರುವುದಿಲ್ಲ: ಟೆಲಿಕಾಂ ಉಪಕರಣ ಚಾಲನೆಯ ವೇಳೆ ದೋಷ ಹುಡುಕುವ ಬಗೆ

ಓಡುತ್ತಿರುವ ಜಾಲ ಕೆಟ್ಟಾಗ ಕೇಳಬೇಕಾದ ಮೊದಲ ಪ್ರಶ್ನೆ ಸುಲಭ: ನಿನ್ನೆ ಸರಿಯಾಗಿತ್ತಲ್ಲ, ಆಮೇಲೆ ಏನು ಬದಲಾಯಿತು? ಯಾರೋ ಪ್ಯಾಚ್ ಕೇಬಲ್ ಕಿತ್ತಿರುತ್ತಾರೆ, ಯಾರೋ ರಾತ್ರೋರಾತ್ರಿ ಹೊಸ ತಂತ್ರಾಂಶ ಏರಿಸಿರುತ್ತಾರೆ, ಎಲ್ಲೋ ರಸ್ತೆ ಅಗೆದಿರುತ್ತಾರೆ. ಹೊಸದಾಗಿ ಕೂರಿಸಿದ ಉಪಕರಣದ ಮುಂದೆ ನಿಂತು ಈ ಪ್ರಶ್ನೆ ಕೇಳಿ ಉಪಯೋಗವಿಲ್ಲ. ಅದಕ್ಕೆ ನಿನ್ನೆ ಎಂಬುದೇ ಇಲ್ಲ. ವಿದ್ಯುತ್ ಕೇಬಲ್, ಫೈಬರ್, ಮಾಡ್ಯೂಲ್, ಸಂರಚನೆ, ಗಡಿಯಾರ, ಆಚೆ ತುದಿಯವರ ಕೆಲಸ, ಇವುಗಳಲ್ಲಿ ಯಾವುದೂ ಇನ್ನೂ ಸಾಬೀತಾಗಿರುವುದಿಲ್ಲ.

ಇದರಿಂದ ಆಗುವ ದೊಡ್ಡ ತೊಂದರೆಯೆಂದರೆ ಎರಡು ಮೂರು ದೋಷಗಳು ಒಟ್ಟಿಗೇ ಕುಳಿತಿರುವುದು. ಒಂದನ್ನು ಸರಿಪಡಿಸಿದರೂ ಅಲಾರಂ ಕದಲುವುದಿಲ್ಲ. ‘ಇದಲ್ಲ’ ಎಂದುಕೊಂಡು ಸರಿಪಡಿಸಿದ್ದನ್ನೇ ಮತ್ತೆ ಮೊದಲಿನಂತೆ ಮಾಡಿ, ಇನ್ನೊಂದಕ್ಕೆ ಕೈ ಹಾಕುತ್ತೇವೆ. ಹೀಗೆ ಸುತ್ತುತ್ತಾ ಇಡೀ ರಾತ್ರಿ ಕಳೆದವರು ನಮ್ಮಲ್ಲಿ ಅನೇಕರಿದ್ದಾರೆ, ನಾನೂ ಕಳೆದಿದ್ದೇನೆ. ಆದ್ದರಿಂದ ಇಲ್ಲದ ನಿನ್ನೆಯನ್ನು ನಾವೇ ತುಂಡುತುಂಡಾಗಿ ಕಟ್ಟಿಕೊಳ್ಳಬೇಕು. ಒಂದು ತುಂಡನ್ನು ಅಳೆದು, ಅಂಕಿ ಬರೆದಿಟ್ಟು, ಅದು ಸರಿ ಎಂದಾದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. −48 ವೋಲ್ಟ್ ವಿದ್ಯುತ್ತಿನಲ್ಲಿ ನಡೆಯುವ, ಆಪ್ಟಿಕಲ್ ಫೈಬರ್‌ನಿಂದ ಸೇರಿಕೊಂಡ ಟ್ರಾನ್ಸ್‌ಮಿಷನ್ ಉಪಕರಣ ಮತ್ತು ರೌಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ವಿದ್ಯುತ್ತು: ಹೊರೆ ಕೊಟ್ಟು ಅಳೆಯಿರಿ

ಟೆಲಿಕಾಂ ವಿದ್ಯುತ್ತಿನಲ್ಲಿ ಧನ ತುದಿ ಭೂಮಿಗೆ ಸೇರಿರುತ್ತದೆ, ಋಣ ತುದಿ ಹೊರೆಗೆ ಹೋಗುತ್ತದೆ. ನೆಲದಡಿಯ ಲೋಹದ ಕೇಬಲ್‌ಗಳು ವಿದ್ಯುತ್ ರಾಸಾಯನಿಕ ಕ್ರಿಯೆಯಿಂದ ಸವೆಯದಿರಲಿ ಎಂದು ಹಿಂದಿನವರು ಮಾಡಿದ ಏರ್ಪಾಡು ಅದು. ಬೇರೆ ಕ್ಷೇತ್ರದಿಂದ ಬಂದ ಎಲೆಕ್ಟ್ರಿಷಿಯನ್ ಅಭ್ಯಾಸಬಲದಿಂದ ತಿರುವುಮುರುವಾಗಿ ಜೋಡಿಸುವುದುಂಟು. ತಂತಿಯ ಬಣ್ಣವನ್ನು ನಂಬಬೇಡಿ. ಬ್ರೇಕರ್ ಏರಿಸಿ, ಕೇಬಲ್ಲನ್ನು ಉಪಕರಣಕ್ಕೆ ಸೇರಿಸುವ ಮೊದಲು, ತುದಿಯಲ್ಲಿ ಮಲ್ಟಿಮೀಟರ್ ಹಿಡಿದು ಚಿಹ್ನೆಸಮೇತ ಓದಿ.

ಆದರೆ ನಿಜವಾಗಿ ಕಾಡುವುದು ತಿರುವುಮುರುವಲ್ಲ, ಕೇಬಲ್ಲಿನಲ್ಲಿ ಕಳೆದುಹೋಗುವ ವೋಲ್ಟೇಜ್. ಒಮ್ಮೆ ನಾವು ಕೂರಿಸಿದ ರ‍್ಯಾಕ್ ಒಂದು ಎಲ್ಲ ಪರೀಕ್ಷೆಗಳಲ್ಲೂ ಪಾಸಾಗಿತ್ತು. ಕೊನೆಯಲ್ಲಿ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಆರಿಸಿ ಬ್ಯಾಟರಿಯ ಮೇಲೆ ಓಡಿಸುವ ಪರೀಕ್ಷೆ. ಬ್ಯಾಟರಿ 44 ವೋಲ್ಟ್‌ಗೆ ಇಳಿಯುತ್ತಿದ್ದಂತೆ ಉಪಕರಣ ಸತ್ತು, ಮತ್ತೆ ಎದ್ದು, ಮತ್ತೆ ಸತ್ತಿತು. ಇಂತಹ ಉಪಕರಣ 40.5 ವೋಲ್ಟ್‌ವರೆಗೆ ತಾಳಬೇಕೆಂಬುದು ಯುರೋಪಿನ ಟೆಲಿಕಾಂ ಮಾನದಂಡ ಸಂಸ್ಥೆಯಾದ ಇಟಿಎಸ್‌ಐನ ಮಾನದಂಡ; ತಯಾರಕರೂ ಅದನ್ನೇ ಬರೆದಿದ್ದರು. ಹಾಗಾಗಿ ಎಲ್ಲರ ಬೆರಳೂ ಪವರ್ ಕಾರ್ಡ್‌ನತ್ತ ತಿರುಗಿತು. ಎರಡು ಕಾರ್ಡ್ ಬದಲಾಯಿಸಿದೆವು. ಏನೂ ಬದಲಾಗಲಿಲ್ಲ.

ಆಗ ಮಾಡಬೇಕಿದ್ದ ಲೆಕ್ಕ ಇದು. ರ‍್ಯಾಕ್‌ನ ಹೊರೆ 1,800 ವ್ಯಾಟ್. ಕೇಬಲ್ 16 ಚದರ ಮಿ.ಮೀ. ತಾಮ್ರ, ಹೋಗಲು 30 ಮೀಟರ್, ಬರಲು 30 ಮೀಟರ್. ಒಟ್ಟು ರೋಧ ಸುಮಾರು 0.069 ಓಮ್. ಈ ಉಪಕರಣಗಳು ಬಲ್ಬಿನಂತಲ್ಲ: ವೋಲ್ಟೇಜ್ ಇಳಿದರೆ ಕರೆಂಟ್ ಇಳಿಯುವ ಬದಲು ಏರುತ್ತದೆ, ಏಕೆಂದರೆ ಒಳಗಿನ ಪರಿವರ್ತಕಕ್ಕೆ ಅಷ್ಟೇ ವ್ಯಾಟ್ ಬೇಕೇ ಬೇಕು. ಮೂಲದಲ್ಲಿ 44 ವೋಲ್ಟ್ ಇದ್ದಾಗ ಉಪಕರಣ ಸುಮಾರು 44 ಆಂಪಿಯರ್ ಎಳೆಯುತ್ತದೆ, ಕೇಬಲ್ 3 ವೋಲ್ಟ್ ನುಂಗುತ್ತದೆ, ಉಪಕರಣಕ್ಕೆ 41 ಉಳಿಯುತ್ತದೆ. ಕಷ್ಟದಲ್ಲಿ ಪಾಸು. ಆದರೂ ಸಾಯಬಾರದಿತ್ತು.

ಕೊನೆಗೆ ಬ್ರೇಕರ್‌ನ ತುದಿಯಿಂದ ಒಂದು ಉದ್ದನೆಯ ತಂತಿ ಎಳೆದು, 54 ವೋಲ್ಟ್‌ನಲ್ಲಿ ಪೂರ್ತಿ ಹೊರೆಯಿರುವಾಗಲೇ ಹೋಗುವ ಎಳೆ ಮತ್ತು ಬರುವ ಎಳೆಗಳ ನಷ್ಟವನ್ನು ಬೇರೆಬೇರೆಯಾಗಿ ಅಳೆದೆವು. ಒಂದರಲ್ಲಿ 1.2 ವೋಲ್ಟ್. ಇನ್ನೊಂದರಲ್ಲಿ 2.3. ಒಂದೇ ಉದ್ದ, ಒಂದೇ ದಪ್ಪ, ಒಂದೇ ಕರೆಂಟ್. ವ್ಯತ್ಯಾಸಕ್ಕೆ ಕಾರಣವೇ ಇರಬಾರದು. ಎರಡನೇ ಎಳೆಯ ಲಗ್ (ತಂತಿಯ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಬಿಚ್ಚಿ ನೋಡಿದರೆ ಕ್ರಿಂಪ್ ಮಾಡಿದವರು ಒಂದು ಅಳತೆ ದೊಡ್ಡ ಅಚ್ಚು ಬಳಸಿದ್ದರು. ತಾಮ್ರದ ಎಳೆಗಳು ಲಗ್‌ನೊಳಗೆ ಅಲುಗಾಡುತ್ತಿದ್ದವು. 0.03 ಓಮ್ ಹೆಚ್ಚುವರಿ ರೋಧ, ಅಷ್ಟೇ. ರೆಕ್ಟಿಫೈಯರ್ ಓಡುವಾಗಿನ 54 ವೋಲ್ಟ್ ಫ್ಲೋಟ್‌ನಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. 44ಕ್ಕೆ ಇಳಿದಾಗ ಉಪಕರಣಕ್ಕೆ ಸಿಗುವುದು 39.4.

ಈ ದೋಷ ಹೊರೆಯಿಲ್ಲದೆ ಅಳೆದರೆ ಎಂದಿಗೂ ಸಿಗುವುದಿಲ್ಲ. ಕರೆಂಟ್ ಹರಿಯದಿದ್ದರೆ ಕೆಟ್ಟ ಕ್ರಿಂಪ್ ಕೂಡ ಪೂರ್ತಿ 54 ವೋಲ್ಟ್ ತೋರಿಸುತ್ತದೆ.

ಬೆಳಕು: ಹಸಿರು ದೀಪ ಸಾಕ್ಷಿಯಲ್ಲ

ಪೋರ್ಟ್‌ನ ದೀಪ ಹಸಿರಾದ ಕೂಡಲೇ ಸಲಕರಣೆ ಚೀಲಕ್ಕೆ ಸೇರಿಸುವ ಅಭ್ಯಾಸವೇ ಮುಂದಿನ ತಿಂಗಳ ದೂರುಗಳಿಗೆ ಮೂಲ. ದೀಪ ಹೇಳುವುದು ಕನಿಷ್ಠ ಮಿತಿ ದಾಟಿದೆ ಎಂದು ಮಾತ್ರ. ನಾವು ಕೇಳಬೇಕಾದದ್ದು, ಬರಬೇಕಾದಷ್ಟು ಬೆಳಕು ಬರುತ್ತಿದೆಯೇ ಎಂದು.

ಉದಾಹರಣೆಗೆ 8 ಕಿ.ಮೀ. ಫೈಬರ್ ಮೇಲೆ 10 ಗಿಗಾಬಿಟ್‌ನ, 10 ಕಿ.ಮೀ. ದರ್ಜೆಯ ಎಲ್‌ಆರ್ ಮಾಡ್ಯೂಲ್ (ಸಂಕೇತವನ್ನು ಬೆಳಕಾಗಿಸಿ ಕಳಿಸುವ, ಬಂದ ಬೆಳಕನ್ನು ಓದುವ ತುಂಡು) ಹಾಕಿದ್ದೀರಿ ಎಂದಿಟ್ಟುಕೊಳ್ಳೋಣ. 1310 ನ್ಯಾನೊಮೀಟರ್‌ನಲ್ಲಿ ಕಿಲೋಮೀಟರ್‌ಗೆ ಸುಮಾರು 0.35 ಡಿಬಿ (ಡೆಸಿಬೆಲ್, ಬೆಳಕಿನ ನಷ್ಟದ ಅಳತೆ) ನಷ್ಟ, ಅಂದರೆ 2.8. ಎರಡು ಕನೆಕ್ಟರ್‌ಗೆ ಧಾರಾಳವಾಗಿ 1 ಡಿಬಿ. ನಾಲ್ಕು ಸ್ಪ್ಲೈಸ್‌ಗೆ (ಫೈಬರ್ ಬೆಸುಗೆಗೆ) 0.4. ಒಟ್ಟು 4.2. ಆಚೆ ತುದಿ −2 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಡಿಬಿಯಲ್ಲಿ ಹೇಳುವ ಬೆಳಕಿನ ಬಲ) ಕಳಿಸುತ್ತಿದ್ದರೆ ಇಲ್ಲಿ −6.2ರ ಆಸುಪಾಸು ಬರಬೇಕು. ಬಂದಿರುವುದು −12.8. ಎಲ್‌ಆರ್ ರಿಸೀವರ್‌ನ ಮಿತಿ −14.4 ಆದ್ದರಿಂದ ಲಿಂಕ್ ಎದ್ದಿದೆ, ದೀಪ ಹಸಿರಾಗಿದೆ, ದೋಷವೂ ಎಣಿಕೆಯಾಗುತ್ತಿಲ್ಲ. ಆದರೆ 6.6 ಡಿಬಿ, ಎಂದರೆ ಬರಬೇಕಾದ ಬೆಳಕಿನಲ್ಲಿ ಐದರಲ್ಲಿ ನಾಲ್ಕು ಪಾಲು, ದಾರಿಯಲ್ಲಿ ಎಲ್ಲೋ ಸೋರಿದೆ. ಇನ್ನಷ್ಟು ಧೂಳು ಕುಳಿತ ದಿನ ಈ ಲಿಂಕ್ ಬೀಳುತ್ತದೆ. ಆಗ ಬರುವವನಿಗೆ ಇದು ಮೊದಲ ದಿನದಿಂದಲೇ ಹೀಗಿತ್ತು ಎಂಬುದು ತಿಳಿದಿರುವುದಿಲ್ಲ.

ಎಲ್ಲಿ ಸೋರಿತು? ನನ್ನ ಅನುಭವದಲ್ಲಿ ಮೊದಲ ಅನುಮಾನ ಕನೆಕ್ಟರ್ ಮೇಲೆ. ಒಂಟಿ ಮೋಡ್ ಫೈಬರ್‌ನ ತಿರುಳು ಸುಮಾರು 9 ಮೈಕ್ರಾನ್. ಕಣ್ಣಿಗೆ ಕಾಣದ ಧೂಳಿನ ಕಣವೊಂದು ಅದನ್ನು ಮುಚ್ಚಲು ಸಾಕು. ಹೊಸ ಪೊಟ್ಟಣದಿಂದ ತೆಗೆದದ್ದು ಶುಚಿಯಾಗಿಯೇ ಇರುತ್ತದೆ ಎಂಬ ನಂಬಿಕೆ ಬಿಡಿ. ಸೂಕ್ಷ್ಮದರ್ಶಕದಲ್ಲಿ ನೋಡಿ, ಒಣ ಕ್ಲೀನರ್‌ನಿಂದ ಒರೆಸಿ, ಮತ್ತೆ ನೋಡಿ. ಎರಡನೇ ಸಲ ನೋಡುವುದನ್ನು ಹೆಚ್ಚಿನವರು ಬಿಡುತ್ತಾರೆ. ಒರೆಸಿದ್ದರಿಂದಲೇ ಬದಿಯ ಕೊಳೆ ತಿರುಳಿನ ಮೇಲೆ ಬಂದು ಕುಳಿತಿರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಬರಿಗಣ್ಣಿನಿಂದ ಫೈಬರ್ ತುದಿಯನ್ನು ನೋಡಲೇಬಾರದು: 1310 ಮತ್ತು 1550 ಎರಡೂ ಕಣ್ಣಿಗೆ ಕಾಣದ ಬೆಳಕು, ಕಣ್ಣಿಗೆ ಹಾನಿಯಾದ ಮೇಲೂ ಗೊತ್ತಾಗದು.

ಎರಡನೇ ಅನುಮಾನ ಬಣ್ಣದ ಮೇಲೆ. ಹಸಿರು ಕನೆಕ್ಟರ್‌ನ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ನೇರ. ಎರಡೂ ಒಂದೇ ಅಡಾಪ್ಟರ್‌ನೊಳಗೆ ಸರಾಗವಾಗಿ ಕೂರುತ್ತವೆ, ಕ್ಲಿಕ್ ಎಂದೂ ಹೇಳುತ್ತವೆ. ಒಳಗೆ ಮಾತ್ರ ಮುಖಗಳ ನಡುವೆ ಗಾಳಿಯ ಸಂದು ಉಳಿದು ಹಲವು ಡಿಬಿ ಹೋಗುತ್ತದೆ, ಪ್ರತಿಫಲನವೂ ಏರುತ್ತದೆ.

ಮೂರನೆಯದು ಬಾಗು. ಇದನ್ನು ಹಿಡಿಯುವ ಉಪಾಯ ಚೆನ್ನಾಗಿದೆ: ಅದೇ ಫೈಬರನ್ನು 1310 ಮತ್ತು 1550 ಎರಡರಲ್ಲೂ ಅಳೆಯಿರಿ. ಸ್ವಸ್ಥ ಫೈಬರ್‌ನಲ್ಲಿ 1550ರ ನಷ್ಟ ಕಡಿಮೆ ಇರಬೇಕು. ಅದೇ ಹೆಚ್ಚು ಬಂದರೆ ಎಲ್ಲೋ ಫೈಬರ್ ಬಿಗಿಯಾಗಿ ಬಾಗಿದೆ. ಉದ್ದನೆಯ ತರಂಗಕ್ಕೆ ಬಾಗು ಹೆಚ್ಚು ತಟ್ಟುತ್ತದೆ. ಒಂದು ತಾಣದಲ್ಲಿ ನಾವು ಕೆಲಸ ಮುಗಿಸಿ ಹೊರಬಂದ ಹತ್ತು ನಿಮಿಷಕ್ಕೆ ಅಲಾರಂ ಬರುತ್ತಿತ್ತು, ಒಳಗೆ ಹೋಗಿ ನೋಡಿದರೆ ಎಲ್ಲವೂ ಸರಿ. ಮೂರು ಬಾರಿ ಹೀಗಾಯಿತು. ನಾಲ್ಕನೆಯ ಸಲ ಜೊತೆಗಿದ್ದ ಹುಡುಗ ಮೀಟರ್ ನೋಡುತ್ತಾ ನಿಂತ, ನಾನು ರ‍್ಯಾಕ್‌ನ ಬಾಗಿಲು ಮುಚ್ಚಿದೆ. ಅಂಕಿ ದಡಕ್ಕನೆ ಬಿತ್ತು. ಬಾಗಿಲಿನ ಒಳಮೈ ಕನೆಕ್ಟರ್‌ನ ಬೂಟಿಗೆ ಒತ್ತಿ ಪ್ಯಾಚ್ ಕೇಬಲ್ಲನ್ನು ಮಡಚುತ್ತಿತ್ತು. ಪರೀಕ್ಷೆ ಮಾಡುವಾಗಲೆಲ್ಲ ಬಾಗಿಲು ತೆರೆದಿರುತ್ತಿತ್ತು.

ರಿಸೀವರ್ −40 ಡಿಬಿಎಂ ಎಂದೋ ಅದಕ್ಕಿಂತ ಕೆಳಗೆಂದೋ ತೋರಿಸಿದರೆ ಬೆಳಕೇ ಇಲ್ಲ ಎಂದರ್ಥ. ಮೊದಲು ಕಳಿಸುವ, ಪಡೆಯುವ ಎಳೆಗಳನ್ನು ಅದಲುಬದಲು ಮಾಡಿ ನೋಡಿ. ಒಂದೇ ಎಳೆಯಲ್ಲಿ ಎರಡೂ ದಿಕ್ಕು ಸಾಗುವ ಮಾಡ್ಯೂಲ್ ಆದರೆ ಇನ್ನೊಂದು ಬಲೆಯಿದೆ: ಇವು ಜೋಡಿಯಾಗಿ ಬರುತ್ತವೆ, ಒಂದು 1270ರಲ್ಲಿ ಕಳಿಸಿ 1330ರಲ್ಲಿ ಕೇಳಿದರೆ ಇನ್ನೊಂದು ಅದರ ತಿರುವು. ಎರಡೂ ತುದಿಗೆ ಒಂದೇ ಬಗೆಯದು ಹೋದರೆ, ಪವರ್ ಮೀಟರ್ ಹಿಡಿದಾಗ ಬೆಳಕು ಚೆನ್ನಾಗಿ ಬರುತ್ತದೆ, ಮಾಡ್ಯೂಲ್ ಮಾತ್ರ ಕುರುಡಾಗಿರುತ್ತದೆ.

ಬೆಳಕು ಹೆಚ್ಚಾದರೂ ಕೇಡು. 80 ಕಿ.ಮೀ. ದರ್ಜೆಯ ಮಾಡ್ಯೂಲ್‌ಗಳ ರಿಸೀವರ್ ಸಾಮಾನ್ಯವಾಗಿ −7 ಡಿಬಿಎಂಗಿಂತ ಹೆಚ್ಚನ್ನು ತಾಳುವುದಿಲ್ಲ, ಅವು ಕಳಿಸುವುದು 0ಗಿಂತ ಮೇಲೆ. ಮೇಜಿನ ಮೇಲೆ ಗಿಡ್ಡ ಕೇಬಲ್ ಹಾಕಿ ಲೂಪ್ ಮಾಡಿದರೆ, ಅಂದರೆ ಕಳಿಸಿದ್ದು ತನಗೇ ವಾಪಸ್ ಬರುವಂತೆ ಜೋಡಿಸಿದರೆ, ಸುಟ್ಟೇಹೋಗಬಹುದು. ಬೆಳಕು ತಗ್ಗಿಸುವ 15 ಡಿಬಿ ಅಟೆನ್ಯುಯೇಟರ್ ಇಲ್ಲದೆ ಅವನ್ನು ಲೂಪ್ ಮಾಡಬೇಡಿ.

ಅಲಾರಂ ಓದುವುದು, ಲೂಪ್ ಹಾಕುವುದು

ಅಲಾರಂಗಳು ದೋಷದ ಹೆಸರಲ್ಲ, ದಿಕ್ಕು ತೋರಿಸುವ ಕಲ್ಲು. ‘ಎಲ್‌ಒಎಸ್’ ಬಂದರೆ ನನ್ನ ರಿಸೀವರ್‌ಗೆ ಸಂಕೇತವೇ ಇಲ್ಲ. ನನ್ನ ಮತ್ತು ಪಕ್ಕದವನ ನಡುವಿನ ತುಂಡನ್ನು ನೋಡಬೇಕು. ‘ಎಲ್‌ಒಎಫ್’ ಬಂದರೆ ಸಂಕೇತ ಇದೆ, ಆದರೆ ಚೌಕಟ್ಟಿನ (ಬಿಟ್‌ಗಳ ಒಂದು ಕಟ್ಟು, ಫ್ರೇಮ್) ಗುರುತು ಸಿಗುತ್ತಿಲ್ಲ: ವೇಗ ಅಥವಾ ಬಗೆ ಬೇರೆಯಾಗಿರಬಹುದು, ಬೆಳಕು ತೀರಾ ಕಡಿಮೆ ಇರಬಹುದು. ‘ಎಐಎಸ್’ ಎಂದರೆ ಹಿಂದಿನ ಉಪಕರಣವೇ ‘ನನಗೂ ಏನೂ ಬಂದಿಲ್ಲ’ ಎಂದು ಉದ್ದಕ್ಕೂ ಒಂದುಗಳನ್ನು ತುಂಬಿ ಕಳಿಸುತ್ತಿದೆ. ಇಲ್ಲಿ ಏನೂ ಮುಟ್ಟಬೇಡಿ, ಹಿಂದಕ್ಕೆ ನಡೆಯಿರಿ. ‘ಆರ್‌ಡಿಐ’ ಬಂದರೆ ನನಗೆ ಸರಿಯಾಗಿ ಕೇಳಿಸುತ್ತಿದೆ, ಆಚೆಯವನಿಗೆ ನನ್ನದು ಕೇಳಿಸುತ್ತಿಲ್ಲ. ಆರ್‌ಡಿಐ ಕಂಡು ತನ್ನ ರಿಸೀವರನ್ನೇ ಗಂಟೆಗಟ್ಟಲೆ ಒರೆಸುವವರನ್ನು ನೋಡಿದಾಗ ಬೇಸರವಾಗುತ್ತದೆ. ತೊಂದರೆ ಇರುವುದು ಅವರು ಕಳಿಸುವ ದಾರಿಯಲ್ಲಿ.

ದಿಕ್ಕು ತಿಳಿದ ಮೇಲೆ ಲೂಪ್. ಮೊದಲು ಉಪಕರಣದ ಮುಖದಲ್ಲೇ, ಆಮೇಲೆ ಈಚೆಯ ಫೈಬರ್ ಜೋಡಣೆಯ ಹಲಗೆಯಲ್ಲಿ, ಆಮೇಲೆ ಆಚೆಯ ಹಲಗೆಯಲ್ಲಿ, ಕೊನೆಗೆ ಆಚೆಯ ಉಪಕರಣದೊಳಗೆ. ಯಾವ ಹೆಜ್ಜೆಯಲ್ಲಿ ಪರೀಕ್ಷೆ ಕೆಡುತ್ತದೋ ಅದರ ಮತ್ತು ಹಿಂದಿನ ಹೆಜ್ಜೆಯ ನಡುವೆ ದೋಷ ಇದೆ. ದಾರಿ ಉದ್ದವಾಗಿದ್ದರೆ ನಡುಮಧ್ಯದಿಂದ ಶುರುಮಾಡಿ, ಪ್ರತಿ ಸಲ ಅರ್ಧವನ್ನು ಕೈಬಿಡಬಹುದು.

ಆಚೆ ತುದಿಯವರೊಡನೆ ಮಾತಾಡುವಾಗ ‘ಸರಿ ಇದೆಯಾ’ ಎಂದು ಕೇಳಬೇಡಿ. ‘ಇದೆ’ ಎಂಬ ಉತ್ತರವೇ ಬರುತ್ತದೆ. ‘ಈಗ ರಿಸೀವರ್‌ನಲ್ಲಿ ಎಷ್ಟು ಡಿಬಿಎಂ ಓದುತ್ತಿದ್ದೀರಿ’ ಎಂದು ಕೇಳಿ. ಇನ್ನೂ ಒಳ್ಳೆಯದು, ‘ಒಂದು ಕ್ಷಣ ಫೈಬರ್ ಕೀಳಿ’ ಎನ್ನಿ. ನಿಮ್ಮಲ್ಲಿ ಏನೂ ಬದಲಾಗದಿದ್ದರೆ ಅವರು ನಿಂತಿರುವುದು ಬೇರೆ ಪೋರ್ಟ್‌ನ ಮುಂದೆ.

ಹಾಕಿದ ಲೂಪ್ ತೆಗೆಯಲು ಮರೆತರೆ ಅದರಷ್ಟು ಮೋಸದ ದೋಷ ಇನ್ನೊಂದಿಲ್ಲ. ಅಲಾರಂ ಇಲ್ಲ, ಬಿಟ್ ದೋಷ ಸೊನ್ನೆ, ಬೆಳಕು ಭರ್ಜರಿ. ಸಂಚಾರ ಮಾತ್ರ ಇಲ್ಲ. ಎಸ್‌ಡಿಎಚ್ ಎಂಬ ಟ್ರಾನ್ಸ್‌ಮಿಷನ್ ಪದ್ಧತಿಯ ಉಪಕರಣದಲ್ಲಿ ಇದಕ್ಕೆ ‘ಜೆ0’ ಎಂಬ ಗುರುತಿನ ಜಾಗವಿದೆ. ಎರಡು ತುದಿಗೂ ಬೇರೆಬೇರೆ ಹೆಸರು ಬರೆಯಿರಿ. ಕಳಿಸಿದ ಹೆಸರೇ ವಾಪಸ್ ಬಂದರೆ ನೀವು ಮಾತಾಡುತ್ತಿರುವುದು ನಿಮ್ಮೊಡನೆಯೇ.

ಲಿಂಕ್ ಎದ್ದಿದೆ, ದೂರು ನಿಂತಿಲ್ಲ

ಇಲ್ಲಿಗೆ ಬಂದ ದೋಷಗಳಲ್ಲಿ ನನಗೆ ಅತಿ ಇಷ್ಟವಾದದ್ದು ಗಡಿಯಾರದ್ದು, ಏಕೆಂದರೆ ಅದು ತನ್ನ ವಿಳಾಸವನ್ನು ತಾನೇ ಕೊಡುತ್ತದೆ. 2.048 ಮೆಗಾಬಿಟ್‌ನ ಇ1 ಸರ್ಕ್ಯೂಟ್‌ನಲ್ಲಿ ಒಂದು ಚೌಕಟ್ಟು 125 ಮೈಕ್ರೊಸೆಕೆಂಡ್. ಎರಡು ತುದಿಯ ಗಡಿಯಾರಗಳ ನಡುವೆ ಅಷ್ಟು ಅಂತರ ಬೆಳೆದಾಗಲೆಲ್ಲ ಒಂದು ಚೌಕಟ್ಟು ಕಳೆದುಹೋಗುತ್ತದೆ ಅಥವಾ ಎರಡು ಬಾರಿ ಬರುತ್ತದೆ, ಅದೇ ಸ್ಲಿಪ್. ಮಾತಾಡುವವರಿಗೆ ಸಣ್ಣ ‘ಟಕ್’ ಕೇಳಿಸಬಹುದು ಅಷ್ಟೇ, ಆದರೆ ಫ್ಯಾಕ್ಸ್ ಮತ್ತು ಮೋಡೆಮ್ ಕೆಡುತ್ತವೆ.

ಸ್ಲಿಪ್ ಎಣಿಕೆ ಏರುತ್ತಿದ್ದರೆ ಕೈಗಡಿಯಾರ ಹಿಡಿದು ನಿಲ್ಲಿ. ಸಮಾನ ಅಂತರದಲ್ಲಿ ಏರುತ್ತಿದೆಯೇ? 125 ಮೈಕ್ರೊಸೆಕೆಂಡನ್ನು ಆ ಅಂತರದಿಂದ ಭಾಗಿಸಿ. 27 ಸೆಕೆಂಡಿಗೊಂದು ಸ್ಲಿಪ್ ಎಂದರೆ ಹತ್ತು ಲಕ್ಷಕ್ಕೆ 4.6ರಷ್ಟು ವ್ಯತ್ಯಾಸ. ಎಸ್‌ಡಿಎಚ್ ಉಪಕರಣದ ಸ್ವಂತ ಗಡಿಯಾರಕ್ಕೆ ಅನುಮತಿಸಿದ ಗರಿಷ್ಠ ತಪ್ಪು ಅಷ್ಟೇ ಇದೆ. ಅಂದರೆ ಒಂದು ಉಪಕರಣ ಯಾರ ಗಡಿಯಾರವನ್ನೂ ಅನುಸರಿಸದೆ ಸ್ವತಂತ್ರವಾಗಿ ಓಡುತ್ತಿದೆ. ಎರಡೂ ಬದಿ ಹತ್ತು ಸಾವಿರ ಕೋಟಿಗೆ ಒಂದರಷ್ಟು ನಿಖರವಾದ ಪ್ರಾಥಮಿಕ ಗಡಿಯಾರಗಳಿಗೆ ಕಟ್ಟಿಕೊಂಡಿದ್ದರೆ, ತಪ್ಪುಗಳು ವಿರುದ್ಧ ದಿಕ್ಕಿನಲ್ಲಿ ಸೇರಿದರೂ 72 ದಿನಕ್ಕೆ ಒಂದು ಸ್ಲಿಪ್ ಮಾತ್ರ. ಅಂತರ ಸಮಾನವಾಗಿಲ್ಲದಿದ್ದರೆ, ನೀವು ಆಚೆಯವರಿಂದ ಗಡಿಯಾರ ಪಡೆಯುತ್ತಿದ್ದೀರಿ, ಅವರು ನಿಮ್ಮಿಂದ ಪಡೆಯುತ್ತಿದ್ದಾರೆ ಎಂಬ ಸುತ್ತು ಆಗಿರಬಹುದು. ಒಬ್ಬರ ಜೇಬಿನ ಸಾಲವನ್ನು ಇನ್ನೊಬ್ಬರು ತೀರಿಸಿದಂತೆ ಇಬ್ಬರೂ ನಿಧಾನವಾಗಿ ಅಲೆಯುತ್ತಾ ಹೋಗುತ್ತಾರೆ. ಎರಡೂ ತುದಿಯ ಗಡಿಯಾರ ಮೂಲವನ್ನು ಕಾಗದದ ಮೇಲೆ ಬಾಣ ಹಾಕಿ ಬರೆಯಿರಿ. ಸುತ್ತು ಇದ್ದರೆ ಕಣ್ಣಿಗೇ ಕಾಣುತ್ತದೆ.

ಕಳಿಸುವುದೂ ಪಡೆಯುವುದೂ ಒಂದೇ ಆವರ್ತನದಲ್ಲಿ ಸರದಿಯಂತೆ ನಡೆಯುವ ಟಿಡಿಡಿ ಮೊಬೈಲ್ ಜಾಲದಲ್ಲಿ ವೇಗ ಹೊಂದಿದರೆ ಸಾಲದು, ಕ್ಷಣವೂ ಹೊಂದಬೇಕು: ±1.5 ಮೈಕ್ರೊಸೆಕೆಂಡ್ ಒಳಗೆ. ಜಿಪಿಎಸ್ ಆಂಟೆನಾ ಕೇಬಲ್ ಮೀಟರ್‌ಗೆ 4ರಿಂದ 5 ನ್ಯಾನೊಸೆಕೆಂಡ್ ತಡಮಾಡುತ್ತದೆ. 100 ಮೀಟರ್ ಕೇಬಲ್‌ನ ಉದ್ದವನ್ನು ಸಂರಚನೆಯಲ್ಲಿ ತುಂಬಲು ಮರೆತರೆ ಆ ಮಿತಿಯ ಮೂರನೇ ಒಂದು ಪಾಲು ಅಲ್ಲಿಯೇ ಖರ್ಚು.

ಪ್ಯಾಕೆಟ್ ಕಡೆಯ ದೂರುಗಳಿಗೆ ಬೇಗ ಸಿಗುವ ಅಪರಾಧಿ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ಗೆ ಇಟ್ಟ ಗರಿಷ್ಠ ಗಾತ್ರ. ಸಣ್ಣ ಪಿಂಗ್ ಹೋಗುತ್ತದೆ, ದೊಡ್ಡ ಕಡತ ನಿಂತುಬಿಡುತ್ತದೆ. ತುಂಡರಿಸಬೇಡ ಎಂಬ ಗುರುತು ಹಾಕಿ 1472 ಬೈಟ್‌ನ ಪಿಂಗ್ ಕಳಿಸಿ. ತಲೆಬರಹದ 28 ಸೇರಿ 1500 ಆಗುತ್ತದೆ. ಅದು ಹೋಗದಿದ್ದರೆ ದಾರಿಯಲ್ಲಿ ಯಾರೋ ವಿಎಲ್‌ಎಎನ್ ಗುರುತಿನ ಅಥವಾ ಎಂಪಿಎಲ್‌ಎಸ್ ಲೇಬಲ್‌ನ ನಾಲ್ಕು ನಾಲ್ಕು ಬೈಟ್‌ಗೆ ಜಾಗ ಬಿಟ್ಟಿಲ್ಲ. ಎರಡು ರೌಟರ್‌ಗಳು ದಾರಿಗಳ ಮಾಹಿತಿ ಹಂಚಿಕೊಳ್ಳುವ ಓಎಸ್‌ಪಿಎಫ್ ‘ಎಕ್ಸ್‌ಸ್ಟಾರ್ಟ್’ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೂ ಮೊದಲು ಎಂಟಿಯು ಹೋಲಿಸಿ. ತಾಮ್ರದ ಪೋರ್ಟ್ ಆಗಿದ್ದು, ಒಂದು ಬದಿಯಲ್ಲಿ 100 ಮೆಗಾಬಿಟ್ ಪೂರ್ಣ ಡುಪ್ಲೆಕ್ಸ್ (ಎರಡೂ ದಿಕ್ಕು ಒಟ್ಟಿಗೇ) ಎಂದು ಕೈಯಾರೆ ಕಟ್ಟಿ ಇನ್ನೊಂದು ಬದಿಯನ್ನು ಸ್ವಯಂ ಎಂದು ಬಿಟ್ಟಿದ್ದರೆ, ಸ್ವಯಂ ಬದಿ ಅರ್ಧ ಡುಪ್ಲೆಕ್ಸ್‌ಗೆ (ಒಮ್ಮೆಗೆ ಒಂದೇ ದಿಕ್ಕು) ಇಳಿಯುತ್ತದೆ. ಹೊರೆ ಏರಿದಾಗ ಅಲ್ಲಿ ತಡವಾದ ಡಿಕ್ಕಿಗಳು, ಇತ್ತ ಸಿಆರ್‌ಸಿ ದೋಷಗಳು.

ಕಾರ್ಡ್ ಬದಲಿಸುವ ಮುನ್ನ

ಕೈಯಲ್ಲಿ ಬಿಡಿ ಕಾರ್ಡ್ ಇದ್ದರೆ ಬದಲಿಸುವ ಆಸೆ ತಡೆಯುವುದು ಕಷ್ಟ. ಬದಲಿಸಿ, ಆದರೆ ಮೊದಲು ಖಾಲಿ ಸ್ಲಾಟ್‌ನೊಳಗೆ ಟಾರ್ಚ್ ಬಿಟ್ಟು ಹಿಂಬದಿಯ ಪಿನ್‌ಗಳನ್ನು ನೋಡಿ. ಒಂದು ಪಿನ್ ಬಾಗಿದ್ದರೆ ಅದು ಮೊದಲ ಕಾರ್ಡನ್ನು ಕೆಡಿಸಿದಂತೆಯೇ ಎರಡನೆಯದನ್ನೂ ಕೆಡಿಸುತ್ತದೆ, ಕೆಟ್ಟ ಎರಡನೆಯದನ್ನು ಸರಿಯಿರುವ ಸ್ಲಾಟ್‌ಗೆ ತಳ್ಳಿದರೆ ಅಲ್ಲಿಯ ಪಿನ್ನೂ ಬಾಗಬಹುದು. ತೆಗೆದ ಕಾರ್ಡ್‌ಗೆ ಯಾವ ಸ್ಲಾಟ್, ಯಾವ ಲಕ್ಷಣ ಎಂದು ಚೀಟಿ ಅಂಟಿಸಿ. ಮಣಿಕಟ್ಟಿನ ಅರ್ಥಿಂಗ್ ಪಟ್ಟಿಯ ಬಗ್ಗೆ ಬೇರೆ ಹೇಳಬೇಕಿಲ್ಲ.

ಬಿಟ್ಟು ಹೊರಡುವ ಮೊದಲು

ದೋಷ ಹೋಯಿತು ಎನ್ನಲು ಎಷ್ಟು ಹೊತ್ತು ಕಾಯಬೇಕು? 10 ಗಿಗಾಬಿಟ್ ಲಿಂಕ್‌ನಲ್ಲಿ ಲಕ್ಷ ಕೋಟಿ ಬಿಟ್‌ಗೆ ಒಂದಕ್ಕಿಂತ ಹೆಚ್ಚು ತಪ್ಪಿಲ್ಲ ಎಂದು ಶೇ 95ರ ಭರವಸೆಯಿಂದ ಹೇಳಲು, ಒಂದೂ ತಪ್ಪಿಲ್ಲದೆ 300 ಸೆಕೆಂಡ್ ಓಡಬೇಕು. ಒಂದು ಗಿಗಾಬಿಟ್ ಆದರೆ ಅದರ ಹತ್ತು ಪಟ್ಟು. ಇದು ಗಣಿತದ ಕನಿಷ್ಠ. ಹಗಲಿನ ಬಿಸಿ, ರಾತ್ರಿಯ ತಂಪು ಎರಡನ್ನೂ ಕಾಣಲು 24 ಗಂಟೆ ಓಡಿಸುವುದೇ ಸರಿ. ಬಿಸಿಯಾದಾಗ ಮಾತ್ರ ಸಡಿಲವಾಗುವ ಸಂಪರ್ಕಗಳು ಐದು ನಿಮಿಷಕ್ಕೆ ಸಿಗುವುದಿಲ್ಲ.

ಆಮೇಲೆ ಅಂಕಿಗಳನ್ನು ಬರೆಯಿರಿ: ಪೂರ್ತಿ ಹೊರೆಯಲ್ಲಿ ಉಪಕರಣದ ತುದಿಯ ವೋಲ್ಟೇಜ್, ಎರಡೂ ದಿಕ್ಕಿನ ಬೆಳಕು, ಬರಬೇಕಿದ್ದ ಲೆಕ್ಕ, ಗಡಿಯಾರದ ಮೂಲ, ದೋಷ ಎಣಿಕೆ. ಮುಂದೊಂದು ದಿನ ಇಲ್ಲಿಗೆ ಬರುವವನಿಗೆ ಈ ಹಾಳೆಯೇ ನಿನ್ನೆ. ಬಾಗಿಲಿನ ಪ್ರಸಂಗದ ನಂತರ ನಮ್ಮ ಹಾಳೆಯ ಮೇಲ್ಭಾಗದಲ್ಲಿ ಒಂದು ಸಾಲು ಸೇರಿಕೊಂಡಿದೆ: ‘ಎಲ್ಲ ಓದುಗಳೂ ರ‍್ಯಾಕ್‌ನ ಬಾಗಿಲು ಮುಚ್ಚಿ ತೆಗೆದುಕೊಂಡವು.’